ಕಡತದ ಹೆಸರಿಗೂ ಒಂದು ಅಳತೆ

ಮಾನ್ಯ ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಬಿನ್ನಹ. ಈ ಸಂಚಿಕೆಗೆಂದು ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ನೀವು ಕಳುಹಿಸಿದ ಭಾವಚಿತ್ರಗಳು ಪರರ ಕಣ್ಣಿಗೆ ಬೀಳಬಾರದೆಂದು, ಅವನ್ನು ಗೂಢಲಿಪಿಗೆ ತಿರುಗಿಸಿ ಕ್ಲೌಡ್ ಸಂಗ್ರಹಕ್ಕೆ ಏರಿಸಿದೆವು. ಒಂದು ಮಾತ್ರ ಏರಲಿಲ್ಲ. ಮೂಲಪ್ರತಿಗಳನ್ನು ಅಳಿಸುವ ಮುನ್ನ ಎಣಿಸಿ ನೋಡಿದುದರಿಂದ ಆ ಚಿತ್ರ ನಮಗೆ ಉಳಿಯಿತು.

ಅದರ ಹೆಸರು ‘ಹಂಪಿಯ ಕಲ್ಲಿನ ರಥದ ಮುಂದೆ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು’ ಎಂದಿತ್ತು. ನಮ್ಮ ಎಣಿಕೆಗೆ ಇದು 26 ಅಕ್ಷರ. ಯಂತ್ರವಾದರೋ ಎಣಿಸುವುದು ಬೈಟುಗಳನ್ನು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರವೊಂದಕ್ಕೆ 1 ಬೈಟಾದರೆ ಕನ್ನಡದ ಚಿಹ್ನೆಯೊಂದಕ್ಕೆ 3. ಗುಣಿತದ ಗುರುತು, ಸೊನ್ನೆ, ಒತ್ತನ್ನು ಕೂಡಿಸುವ ಅಡಗಿದ ಗುರುತು, ಇವೂ ಬೇರೆಬೇರೆ ಚಿಹ್ನೆಗಳೇ. ‘ಕಂಪ್ಲಿ’ ಎಂಬ ಎರಡಕ್ಷರಕ್ಕೆ 18 ಬೈಟು! ಮೇಲಿನ ಹೆಸರಿಗೆ, ನಡುವಣ ತೆರಪುಗಳೂ ಸೇರಿ, 147.

ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿ 255 ಬೈಟುಗಳ ಹೆಸರು ಸಲ್ಲುತ್ತದೆ. ಆದರೆ ಹೆಸರನ್ನೂ ಗೂಢಲಿಪಿಗೆ ತಿರುಗಿಸಿದಾಗ ಹುಟ್ಟುವ ಬೈಟುಗಳನ್ನು, ಹೆಸರಿಗೆ ಒಪ್ಪುವ ಕೆಲವೇ ಅಕ್ಷರಗಳಲ್ಲಿ ಪುನಃ ಬರೆಯಬೇಕಾಗಿ, ಅದು ಉದ್ದವಾಗುತ್ತದೆ. ಆದಕಾರಣ ಇಕ್ರಿಪ್ಟ್‌ಎಫ್‌ಎಸ್ ಎಂಬ ವಿಧಾನವು ಮೂಲ ಹೆಸರಿಗೆ 143 ಬೈಟುಗಳನ್ನಷ್ಟೇ ಬಿಡುತ್ತದೆ; ಕನ್ನಡದಲ್ಲಿ 47 ಚಿಹ್ನೆಗಳು. ನಾವು ಬಳಸಿದ ಸಾಧನದ ಮಿತಿಯೂ ಅಷ್ಟೇ. ಕ್ರಿಪ್ಟೊಮೇಟರ್ ಮಾತ್ರ ಉದ್ದವಾದ ಹೆಸರನ್ನು ತಾನೇ ಮೊಟಕುಮಾಡಿ, ಪೂರ್ತಿ ಹೆಸರನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತದೆ.

ಇಂಗ್ಲಿಷಿನಲ್ಲೇ ಹೆಸರಿಡಿರೆಂದು ಹೇಳಲು ನನಗೆ ಮನಸ್ಸಿಲ್ಲ. ಆ ಚಿತ್ರಕ್ಕೆ ‘ಹಂಪಿ ಕಲ್ಲಿನ ರಥ’ ಎಂದಿಟ್ಟೆವು. ತರಗತಿ ಮುಂತಾದ ವಿವರಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದೆವು. ಇನ್ನು ಮುಂದೆ ಚಿತ್ರ ಕಳುಹಿಸುವವರು ವಿವರವನ್ನು ಪತ್ರದಲ್ಲಿ ಬರೆದು, ಕಡತಕ್ಕೆ ಎರಡು ಮೂರು ಪದಗಳ ಹೆಸರಿಡಬೇಕಾಗಿ ಕೋರುತ್ತೇನೆ.