ಸಲಿನಾಸ್ ಹಳ್ಳಿಯಿಂದ ಬಂದ ಮಾತ್ರೆ

ಮೂತ್ರದ ದಾರಿಯನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಿಗೆ 1895ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್ ವಿಲಿಯಂ ವೈಟ್ ಪ್ರತಿಪಾದಿಸಿದ ಚಿಕಿತ್ಸೆ ವೃಷಣಗಳನ್ನೇ ತೆಗೆದುಹಾಕುವುದು. ಅದಕ್ಕೂ ಒಪ್ಪಿದವರಿದ್ದರು ಎಂದರೆ ಆ ಕಾಲದ ಮುದುಕರ ಪಾಡು ಎಷ್ಟಿತ್ತೆಂದು ತಿಳಿಯುತ್ತದೆ. ಮೂತ್ರ ಕಟ್ಟಿಕೊಂಡವರು ದಿನವೂ ತಾವೇ ನಳಿಕೆ ತೂರಿಸಿ ಖಾಲಿ ಮಾಡಿಕೊಳ್ಳುತ್ತಿದ್ದರು. ಎಷ್ಟೋ ಜನ ಸೋಂಕು ತಗುಲಿ, ಕಿಡ್ನಿ ಕೆಟ್ಟು ಸಾಯುತ್ತಿದ್ದರು.

ಐದೇ ವರ್ಷದಲ್ಲಿ ದಾರಿ ಬದಲಾಯಿತು. ಭಾರತದಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದು ಲಂಡನ್ನಿಗೆ ಮರಳಿದ್ದ ಐರಿಷ್ ವೈದ್ಯ ಪೀಟರ್ ಫ್ರೇಯರ್, 1900ರಲ್ಲಿ ಕಿಬ್ಬೊಟ್ಟೆ ಕೊಯ್ದು ಬೆಳೆದ ಪ್ರಾಸ್ಟೇಟನ್ನು ಬೆರಳಿನಿಂದಲೇ ಬಿಡಿಸಿ ತೆಗೆಯತೊಡಗಿದರು. ಆಮೇಲೆ ಮೂತ್ರದ ದಾರಿಯಿಂದಲೇ ಉಪಕರಣ ತೂರಿಸಿ ಕೆರೆದು ತೆಗೆಯುವ ವಿಧಾನ ಬಂತು. ವೈಟ್‌ನ ಕ್ರಮ ಮೂಲೆ ಸೇರಿತು. ಆದರೆ ವೃಷಣದಿಂದ ಬರುವ ಯಾವುದೋ ಒಂದು ವಸ್ತು ಪ್ರಾಸ್ಟೇಟನ್ನು ಬೆಳೆಸುತ್ತದೆ ಎಂಬ ಸುಳಿವು ಮಾತ್ರ ಉಳಿಯಿತು. ಅದು ಯಾವುದು, ಅದನ್ನೊಂದನ್ನೇ ತಡೆಯಲಾದೀತೆ?

ಉತ್ತರದ ದಾರಿ ತೋರಿದ್ದು ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದರು, ಹೆಣ್ಣುಮಕ್ಕಳಾಗಿಯೇ ಬೆಳೆಯುತ್ತಿದ್ದರು. ಹನ್ನೆರಡರ ಆಸುಪಾಸಿನಲ್ಲಿ ದನಿ ಒಡೆದು, ಮೈ ಕಟ್ಟು ಗಡುಸಾಗಿ ಗಂಡಸರಾಗುತ್ತಿದ್ದರು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಆ ಕುಟುಂಬಗಳನ್ನು ಅಧ್ಯಯನ ಮಾಡಿ 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಈ ಮಕ್ಕಳಲ್ಲಿ ಟೆಸ್ಟೋಸ್ಟೆರೋನ್ ಇತ್ತು. ಅದನ್ನು ಡೈಹೈಡ್ರೊಟೆಸ್ಟೋಸ್ಟೆರೋನ್ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುವ ಕಿಣ್ವದ ಕೊರತೆ ಇತ್ತು. ದೊಡ್ಡವರಾದ ಮೇಲೆ ಅವರ ದೇಹಬಲಕ್ಕೆ, ಗಂಡಸುತನಕ್ಕೆ ಕುಂದಿರಲಿಲ್ಲ. ಪ್ರಾಸ್ಟೇಟ್ ಮಾತ್ರ ತೀರ ಚಿಕ್ಕದಾಗಿಯೇ ಉಳಿದಿತ್ತು.

ಮರ್ಕ್ ಕಂಪನಿಯ ಸಂಶೋಧನೆಯ ಹೊಣೆ ಹೊತ್ತಿದ್ದ ರಾಯ್ ವಾಗೆಲೋಸ್‌ಗೆ ಇದರ ಬೆಲೆ ತಿಳಿಯಿತು. ಆ ಕಿಣ್ವವನ್ನು ತಡೆದರೆ ಗಂಡಸಿನ ಉಳಿದ ಆರೋಗ್ಯಕ್ಕೆ ಧಕ್ಕೆಯಾಗದೆ ಪ್ರಾಸ್ಟೇಟ್ ಕುಗ್ಗಬಹುದು. ಹಾಗೆ ಹುಟ್ಟಿದ ಫಿನಾಸ್ಟರೈಡ್‌ಗೆ ಅಮೆರಿಕ 1992ರಲ್ಲಿ ಅನುಮತಿ ಕೊಟ್ಟಿತು. ಸಲಿನಾಸ್‌ನ ಆ ಕುಟುಂಬಗಳು ಯಾರಿಗೋ ಔಷಧಿ ಮಾಡಿಕೊಡಲು ಹೊರಟವರಲ್ಲ. ಅವರು ತಮ್ಮ ಬದುಕಿನ ಅತ್ಯಂತ ಖಾಸಗಿ ಸಂಗತಿಯನ್ನು ಅಪರಿಚಿತ ವೈದ್ಯರ ಮುಂದೆ ತೆರೆದಿಟ್ಟರು. ಲೋಕದ ಲಕ್ಷಾಂತರ ವೃದ್ಧರು ಅವರಿಗೆ ಋಣಿಗಳು.

ಫಿನಾಸ್ಟರೈಡ್ ಮಾತ್ರೆ ನಿಧಾನ. ಗುಣ ಕಾಣಲು ಆರು ತಿಂಗಳಾದರೂ ಬೇಕು; ಕೆಲವರಲ್ಲಿ ಲೈಂಗಿಕ ಆಸಕ್ತಿ ತಗ್ಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ರಕ್ತದ ಪಿಎಸ್‌ಎ ಅಂಕಿಯೂ ಸುಮಾರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮಾತ್ರೆ ನುಂಗುತ್ತಿರುವುದು ಗೊತ್ತಿಲ್ಲದ ವೈದ್ಯರು ಕ್ಯಾನ್ಸರಿನ ಸೂಚನೆಯನ್ನು ಕಾಣದೆ ಹೋಗಬಹುದು. ಜೊತೆಗೆ ಇನ್ನೊಂದು ಬಗೆಯ ಔಷಧವಿದೆ. 1970ರ ದಶಕದಲ್ಲಿ ಜೆರುಸಲೇಮಿನ ಮಾರ್ಕೊ ಕೇನ್ ತೋರಿಸಿದಂತೆ, ಮೂತ್ರ ತಡೆಯುವುದು ಬರೀ ಗಾತ್ರವಲ್ಲ. ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಬಾಯಿಯ ಸ್ನಾಯುಗಳ ಬಿಗಿತವೂ ಹೌದು. ಆ ಬಿಗಿತ ಸಡಿಲಿಸುವ ಟ್ಯಾಮ್ಸುಲೋಸಿನ್‌ನಂಥವು ಕೆಲವೇ ದಿನಗಳಲ್ಲಿ ಆರಾಮ ಕೊಡುತ್ತವೆ. ಎರಡೂ ಬಗೆಯನ್ನು ಸೇರಿಸಿ ಕೊಟ್ಟರೆ ಕಾಯಿಲೆ ಮುಂದುವರಿಯುವುದು ಬಹಳ ತಗ್ಗುತ್ತದೆಂದು ಮೂರು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳ ಹಿರಿಯರು ಬಾಯಿ ಬಿಡುವುದಿಲ್ಲ ಎಂಬುದೇ ನನ್ನ ಸಂಕಟ. ಮೂತ್ರ ಶುರುವಾಗಲು ಕಾಯಬೇಕು, ಧಾರೆ ಸಣ್ಣಗಾಗುತ್ತದೆ, ಮುಗಿದರೂ ಹನಿ ಹನಿ ಬೀಳುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕು. 'ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ. ಮದುವೆ ಮನೆಗೆ ಹೋಗುವುದು ಬಿಡುತ್ತಾರೆ, ಬಸ್ ಪ್ರಯಾಣ ಬಿಡುತ್ತಾರೆ, ಕಡೆಗೆ ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಒಂದು ದಿನ ನೆಗಡಿ ಮಾತ್ರೆ ನುಂಗಿ ಪೂರ್ತಿ ಮೂತ್ರ ಕಟ್ಟಿ, ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರಕೋಶದ ಬಾಯಿಯ ಆ ಸ್ನಾಯುಗಳನ್ನು ಇನ್ನಷ್ಟು ಬಿಗಿಯುತ್ತವೆ.

ಪ್ರಾಸ್ಟೇಟ್ ದೊಡ್ಡದಾಗುವುದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಆದರೆ ಎರಡೂ ಒಬ್ಬರಲ್ಲೇ ಇರಬಹುದು. ರಾತ್ರಿ ಪದೇ ಪದೇ ಏಳುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಾಗಿರಬಹುದು. ಗುದದ್ವಾರದ ಮೂಲಕ ಮಾಡುವ ಬೆರಳಿನ ಪರೀಕ್ಷೆ, ಮೂತ್ರ ಮತ್ತು ರಕ್ತದ ಪರೀಕ್ಷೆ, ಮೂತ್ರ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನ್ ಇವುಗಳಿಂದ ಬಹುಪಾಲು ತಿಳಿಯುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಪೂರ್ತಿ ನಿಂತರೆ ತಡಮಾಡಬೇಡಿ.

ಇನ್ನೊಂದು ಮಾತು. ಟ್ಯಾಮ್ಸುಲೋಸಿನ್ ನುಂಗುತ್ತಿರುವವರು, ಹಿಂದೆ ನುಂಗಿದ್ದವರೂ, ಕಣ್ಣಿನ ಪೊರೆ ಆಪರೇಷನ್ನಿಗೆ ಮೊದಲು ಅದನ್ನು ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಿ. ಆಪರೇಷನ್ ವೇಳೆ ಕಣ್ಣಿನ ಪಾಪೆಯ ಸುತ್ತಲಿನ ಪದರವನ್ನು ಅದು ಜೋಲಾಗಿಸಬಹುದು. ಮೊದಲೇ ಗೊತ್ತಿದ್ದರೆ ಅವರು ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ.