ರಾಜರ ನಡುವೆ ಮಲಗಿದ ಕೂಸುಗಳು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಸಾವಧಾನವಾಗಿ ನೋಡಲು ಒಂದು ದಿನ ಸಾಲದು. ಹೆಚ್ಚಿನವರು ಪಟ್ಟಾಭಿಷೇಕದ ಕುರ್ಚಿ, ಮೊದಲನೇ ಎಲಿಜಬೆತ್ ರಾಣಿಯ ಗೋರಿ ನೋಡಿ ಹೊರಡುತ್ತಾರೆ. ದಕ್ಷಿಣದ ಪ್ರದಕ್ಷಿಣಾ ಪಥಕ್ಕೆ ಅಂಟಿಕೊಂಡಿರುವ ಸಂತ ಎಡ್ಮಂಡನ ಗುಡಿಯಲ್ಲಿ ಪುಟ್ಟದೊಂದು ಗೋರಿಯಿದೆ. ಅದರ ಮೇಲೆ ಬೆಳ್ಳನೆಯ ಆಲಬಾಸ್ಟರ್ ಕಲ್ಲಿನ ಎರಡು ಪ್ರತಿಮೆಗಳು. ಉದ್ದ ಮೊಳಕ್ಕಿಂತ ತುಸು ಹೆಚ್ಚು, ಅಷ್ಟೇ.

ಇವರು ಮೂರನೇ ಎಡ್ವರ್ಡ್ ದೊರೆ ಮತ್ತು ರಾಣಿ ಫಿಲಿಪ್ಪಾ ಅವರ ಮಕ್ಕಳು. ಬ್ಲಾಂಚ್ 1342ರಲ್ಲಿ ಲಂಡನ್ ಗೋಪುರದಲ್ಲಿ ಹುಟ್ಟಿ, ಹುಟ್ಟುತ್ತಲೇ ತೀರಿಕೊಂಡಳು. ವಿಲಿಯಂ ವಿಂಡ್ಸರ್ ಕೋಟೆಯಲ್ಲಿ ಹುಟ್ಟಿದ್ದು 1348ರ ಮೇ ತಿಂಗಳಲ್ಲಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವನನ್ನು ಇಲ್ಲಿ ಮಣ್ಣು ಮಾಡಿದರು. ಅವನನ್ನು ಒಯ್ದದ್ದು ಪ್ಲೇಗ್ ಎಂದು ಹಲವರು ಬರೆಯುತ್ತಾರೆ. ನನಗೆ ನಂಬಿಕೆಯಿಲ್ಲ. ಆ ಬೇಸಿಗೆಯಲ್ಲಿ ಮಹಾಮಾರಿ ಡಾರ್ಸೆಟ್ ಕರಾವಳಿಗೆ ಆಗಷ್ಟೇ ಕಾಲಿಟ್ಟಿತ್ತು, ಲಂಡನ್ ಮುಟ್ಟಿದ್ದು ಶರತ್ಕಾಲದಲ್ಲಿ. ಅದಕ್ಕೆ ಬಲಿಯಾದವಳು ಅವನ ಅಕ್ಕ ಜೋನ್. ಮದುವೆಗೆಂದು ಸ್ಪೇನಿನತ್ತ ಹೊರಟಿದ್ದ ಹದಿಹರೆಯದ ಹುಡುಗಿ ಅದೇ ವರ್ಷ ಬೋರ್ಡೋದಲ್ಲಿ ಸತ್ತಳು.

ಪ್ರತಿಮೆಗಳನ್ನು ಹತ್ತಿರದಿಂದ ನೋಡಿ. ಶಿಲ್ಪಿ ಕೂಸುಗಳನ್ನು ಕೆತ್ತಿಲ್ಲ. ಮೈಗೆ ಬಿಗಿದ ಅಂಗಿ ತೊಟ್ಟ ತರುಣ, ಉದ್ದ ನಿಲುವಂಗಿಯ, ತಲೆಗೆ ಅಲಂಕಾರ ಮಾಡಿಕೊಂಡ ತರುಣಿ. ಆ ಮಕ್ಕಳು ಎಂದೂ ತೊಡದ ಬಟ್ಟೆ, ಎಂದೂ ಮುಟ್ಟದ ವಯಸ್ಸು. ಕೆತ್ತಿದ ಜಾನ್ ಆರ್ಚರ್ಡ್‌ಗೆ 20 ಷಿಲಿಂಗ್ ಸಂದದ್ದು 1376ರಲ್ಲಿ. ಅಷ್ಟರಲ್ಲಿ ವಿಲಿಯಂ ಹೋಗಿ 28 ವರ್ಷ, ಫಿಲಿಪ್ಪಾ ಹೋಗಿ ಏಳು ವರ್ಷ. ಮುದಿ ದೊರೆಗೆ ಉಳಿದದ್ದು ಇನ್ನೊಂದೇ ವರ್ಷ. ಹಸುಗೂಸುಗಳ ಸಾವು ನಿತ್ಯದ ಮಾತಾಗಿದ್ದ ಆ ಕಾಲದಲ್ಲಿ ಹೆತ್ತವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಗುಡಿಯಿಂದ ಹೊರಬಂದರೆ ಪಕ್ಕದಲ್ಲೇ, ಸಂತ ಬೆನೆಡಿಕ್ಟನ ಗುಡಿಯ ಕಡೆಗೆ, ಬಣ್ಣದ ಕಲ್ಲುಚೂರುಗಳ ಕುಸುರಿಯಿರುವ ಇನ್ನೊಂದು ಸಣ್ಣ ಗೋರಿ. ಅದು ಇನ್ನೂ ಒಂದು ಶತಮಾನದಷ್ಟು ಹಳೆಯದು. ಮೂರನೇ ಹೆನ್ರಿಯ ಮಗಳು ಕ್ಯಾಥರೀನ್ 1253ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ ಹುಟ್ಟಿದಳು. 1257ರ ಮೇ ತಿಂಗಳಲ್ಲಿ ಹೋದಳು. ಮಗುವಿಗೆ ಮಾತು ಬರಲಿಲ್ಲ. ಚೆಲುವೆ, ಆದರೆ ಪ್ರಯೋಜನಕ್ಕಿಲ್ಲದವಳು ಎಂಬರ್ಥದಲ್ಲಿ ಬರೆದಿಟ್ಟವನು ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್. ಆ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಪ್ಪನ ಕಣ್ಣಿಗೆ ಅವಳು ಹಾಗಿರಲಿಲ್ಲ. ಅವಳ ಜೊತೆಗಿರಲೆಂದು ಹೆನ್ರಿ ತನ್ನ ಕಾಡಿನಿಂದ ಪ್ರಾಣಿಯ ಮರಿಯೊಂದನ್ನು ತರಿಸಿಕೊಟ್ಟ. ಕಾಯಿಲೆ ಬಿದ್ದಾಗ ಅವಳ ಬೆಳ್ಳಿಯ ಪ್ರತಿಮೆಯನ್ನು ಸಂತ ಎಡ್ವರ್ಡನ ಸನ್ನಿಧಿಗೆ ಹರಕೆ ಒಪ್ಪಿಸಿದ. ಅವಳು ಚೇತರಿಸಿಕೊಂಡ ಸುದ್ದಿ ತಂದವನಿಗೆ ಒಳ್ಳೆಯ ನಿಲುವಂಗಿ ಸಿಕ್ಕಿತು. ಅವಳು ಸತ್ತಾಗ ರಾಣಿ ಎಲಿನಾರ್ ದುಃಖದಿಂದ ಹಾಸಿಗೆ ಹಿಡಿದಳು. ಇದನ್ನೂ ದಾಖಲಿಸಿದವನು ಅದೇ ಮ್ಯಾಥ್ಯೂ. ಗೋರಿಯ ಮೇಲಿಡುವ ಪ್ರತಿಮೆಗೆ ಅಕ್ಕಸಾಲಿಗ ಗ್ಲಾಸ್ಟರಿನ ವಿಲಿಯಂ ಪಡೆದದ್ದು 70 ಮಾರ್ಕ್. ಆ ಪ್ರತಿಮೆ ಈಗಿಲ್ಲ, ಕಲ್ಲುಚೂರುಗಳ ಕೆಲಸ ಮಾತ್ರ ಅಲ್ಲಲ್ಲಿ ಉಳಿದಿದೆ.

ಅಬೆ ಇರುವುದು ಪಾರ್ಲಿಮೆಂಟಿನ ಎದುರಿಗೇ. ವೆಸ್ಟ್‌ಮಿನ್‌ಸ್ಟರ್ ಮೆಟ್ರೊ ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ಭಾನುವಾರ ಪ್ರಾರ್ಥನೆಗಷ್ಟೇ ಮೀಸಲು, ಪ್ರವಾಸಿಗರಿಗೆ ಪ್ರವೇಶವಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರು ಈ ಎರಡು ಗೋರಿಗಳನ್ನು ತಪ್ಪದೆ ತೋರಿಸಿ. ಅವು ಮಕ್ಕಳ ಕಣ್ಣಳತೆಯಲ್ಲೇ ಇವೆ.