ಹೊಗೆಯ ಸುರುಳಿ, ಎಣ್ಣೆಯ ಗುಳ್ಳೆ: ಮನೆಯೊಳಗಿನ ಅಮೂರ್ತ ಚಿತ್ರಗಳು

ತೊಗರ್ಸಿ ಕಡೆಯ ಹಳೆಯ ಹೆಂಚಿನ ಮನೆಗಳ ಅಡುಗೆಕೋಣೆಯಲ್ಲಿ ಬೆಳಗಿನ ಹೊತ್ತು ಒಂದು ನೋಟ ಕಾಣಸಿಗುತ್ತಿತ್ತು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದಿರುತ್ತದೆ. ಒಲೆಯ ಹೊಗೆ ಆ ಕೋಲನ್ನು ಹಾಯುವಾಗ ಮಾತ್ರ ಅದರ ಒಂದೊಂದು ಎಳೆ, ಒಂದೊಂದು ಸುರುಳಿ ಸ್ಪಷ್ಟವಾಗುತ್ತದೆ. ಕೋಲನ್ನು ದಾಟಿದೊಡನೆ ಅದೇ ಹೊಗೆ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಅಡುಗೆಮನೆಯಲ್ಲಿ ಇದು ಅಪರೂಪವಾಯಿತು. ಬಚ್ಚಲೊಲೆಗೆ ಇನ್ನೂ ಸೌದೆ ಹಾಕುವ ಮನೆಗಳಲ್ಲಿ ಇಂದಿಗೂ ನೋಡಬಹುದು.

ಹೊಗೆಯನ್ನು ಬಳಸಿ ತೆಗೆಯುವ ಅಮೂರ್ತ ಛಾಯಾಚಿತ್ರದ ಗುಟ್ಟೆಲ್ಲ ಈ ನೋಟದಲ್ಲೇ ಇದೆ. ಹಿಂದೆ ಕತ್ತಲೆ, ಬದಿಯಿಂದ ಬೆಳಕು, ನಡುವೆ ಹೊಗೆ. ಅದಕ್ಕೆ ಸ್ಟುಡಿಯೋ ಬೇಕಿಲ್ಲ. ಗೋಡೆಗೆ ಒಂದು ಕಪ್ಪು ಬಟ್ಟೆ ಕಟ್ಟಿ, ಅದರಿಂದ ಎರಡು ಮೂರು ಅಡಿ ಮುಂದೆ ಅಗರಬತ್ತಿ ಹಚ್ಚಿಟ್ಟರೆ ಅರ್ಧ ಕೆಲಸ ಮುಗಿಯಿತು. ಬೆಳಕು ಪಕ್ಕದಿಂದ ಬರಬೇಕು. ಬಟ್ಟೆಯ ಮೇಲೂ ಬೀಳಬಾರದು, ಲೆನ್ಸಿನ ಮೇಲೂ ಬೀಳಬಾರದು. ಒಂದು ರಟ್ಟಿನ ತುಂಡನ್ನು ಮರೆ ಮಾಡಿದರೆ ಸಾಕು. ಫೋನಿನಲ್ಲಿ ತೆಗೆಯುವವರು ಅದರದೇ ಫ್ಲಾಷನ್ನು ನೆಚ್ಚಬಾರದು, ಅದು ನೇರ ಎದುರಿನಿಂದ ಹೊಡೆದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಇನ್ನೊಂದು ಫೋನಿನ ಟಾರ್ಚನ್ನು ಬದಿಯಲ್ಲಿ ಹಿಡಿಯುವುದು ಮೇಲು. ಕ್ಯಾಮೆರಾ ಆದರೆ ಸೆಕೆಂಡಿನ 200ನೇ ಒಂದು ಭಾಗದ ಆಸುಪಾಸಿನ ವೇಗ ಬೇಕು. ಹೊಗೆಯ ಮೇಲೆ ಫೋಕಸ್ ನಿಲ್ಲುವುದಿಲ್ಲವಾದ್ದರಿಂದ ಮೊದಲು ಬತ್ತಿಯ ತುದಿಗೆ ಫೋಕಸ್ ಮಾಡಿ, ಅದನ್ನು ಬದಲಿಸದೆ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಬೇಕು. ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ ಕೂರಬೇಕೆಂಬುದು ನಿಜ. ಆದರೆ ನಾಲ್ಕೈದು ಬತ್ತಿ ಉರಿದ ಮೇಲೆ ಕಿಟಕಿ ತೆರೆಯದಿದ್ದರೆ ಕೋಣೆಯೆಲ್ಲ ಮಬ್ಬಾಗಿ ಚಿತ್ರವೂ ಕೆಡುತ್ತದೆ, ಎದೆಯೂ ಕಟ್ಟುತ್ತದೆ.

ಬತ್ತಿಯಿಂದ ಏಳುವ ಹೊಗೆ ಒಂದು ಗೇಣಿನಷ್ಟು ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತದೆ. ಆಮೇಲೆ ತಟ್ಟನೆ ಬಳುಕಿ, ಮಡಚಿ, ಚೆದುರುತ್ತದೆ. ಬಿಸಿಗಾಳಿ ಮೇಲೇರುತ್ತ ವೇಗ ಪಡೆಯುತ್ತದೆ, ಅಗಲವೂ ಆಗುತ್ತದೆ. ಒಂದು ಹಂತ ದಾಟಿದ ಮೇಲೆ ಶಿಸ್ತಿನ ಹರಿವು ಉಳಿಯುವುದಿಲ್ಲ. ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ತೋರಿಸಿದ್ದೂ ಇದನ್ನೇ. ಒಳ್ಳೆಯ ಚಿತ್ರ ಸಿಗುವುದು ಈ ಎರಡರ ನಡುವೆ, ನೂಲು ಮುರಿಯುವ ಜಾಗದಲ್ಲಿ. ಹೊಗೆಗೆ ನೀಲಿ ಛಾಯೆ ಬರುವುದಕ್ಕೂ ಕಾರಣವಿದೆ. ಅದರ ಅತಿ ಸಣ್ಣ ಕಣಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತವೆ.

ಇದು ಯಾವುದರ ಫೋಟೊ ಎಂದು ಮನೆಯವರು ಕೇಳುವುದು ಸಹಜ. ಆ ಪ್ರಶ್ನೆ ಹಳೆಯದು. ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್-ಜೂಲ್ಸ್ ಮರೆ 1900ರ ಆಸುಪಾಸಿನಲ್ಲಿ ಹೊಗೆಯ ಸಮಾನಾಂತರ ಎಳೆಗಳನ್ನು ಹರಿಯಬಿಟ್ಟು, ಅಡ್ಡ ಬಂದ ವಸ್ತುವನ್ನು ಅವು ಹೇಗೆ ಬಳಸಿ ಹೋಗುತ್ತವೆಂದು ಚಿತ್ರ ತೆಗೆದ. ಅವನಿಗೆ ಬೇಕಿದ್ದದ್ದು ಗಾಳಿಯ ಚಲನೆಯ ಲೆಕ್ಕ. ಇಂದು ಅವೇ ಚಿತ್ರಗಳನ್ನು ಕಲಾಕೃತಿಗಳೆಂದು ಪ್ರದರ್ಶಿಸುತ್ತಾರೆ. ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್‌ನದು ಬೇರೆ ದಾರಿ. 1917ರಲ್ಲಿ ಲಂಡನ್ನಿನಲ್ಲಿ ಮೂರು ಕನ್ನಡಿಗಳನ್ನು ಜೋಡಿಸಿ, ಮರದ ಚೂರು, ಹರಳುಗಳನ್ನು ಗುರುತು ಸಿಗದಂತೆ ಒಡೆದು ತೋರಿಸಿ, ಇದು ಕಲೆಯೇ ಎಂದು ಹೇಳಿಯೇ ಪ್ರದರ್ಶಿಸಿದ.

ಅಮೂರ್ತ ಎಂಬ ಮಾತು ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ವರ್ಣಚಿತ್ರಕಾರ ವಸ್ತುವನ್ನು ಪೂರ್ತಿ ಬಿಟ್ಟು ಬಣ್ಣವನ್ನಷ್ಟೇ ಇಡಬಲ್ಲ. ಕ್ಯಾಮೆರಾಕ್ಕೆ ಆ ಸ್ವಾತಂತ್ರ್ಯವಿಲ್ಲ, ಎದುರಿಗೆ ಏನಾದರೂ ಇರಲೇಬೇಕು. ಹೊಗೆಯ ಚಿತ್ರ ಕಲ್ಪನೆಯಲ್ಲ. ಆ ಕೋಣೆಯಲ್ಲಿ ಆ ಕ್ಷಣ ಗಾಳಿ ಹಾಗೆಯೇ ಇತ್ತು ಎಂಬುದಕ್ಕೆ ಸಾಕ್ಷಿ. ಕಣ್ಣು ಅದನ್ನು ಹಿಡಿಯಲಾರದೆ ಹೋಯಿತು, ಅಷ್ಟೆ.

ರೋಲಿಗೆ 36 ಚಿತ್ರಗಳಿದ್ದ ಕಾಲದಲ್ಲಿ ಹಳ್ಳಿಯ ಹವ್ಯಾಸಿಗೆ ಈ ಆಟ ದುಬಾರಿಯಾಗಿತ್ತು. ನೂರು ತೆಗೆದರೆ ಎರಡು ದಕ್ಕುವ ಕೆಲಸಕ್ಕೆ ಯಾರು ಫಿಲ್ಮ್ ಸುಟ್ಟಾರು? ಡಿಜಿಟಲ್ ಬಂದ ಮೇಲೆ ಆ ಅಡ್ಡಿ ಹೋಯಿತು.

ಹೊಗೆಯ ಕಾಟ ಬೇಡವೆನ್ನುವವರಿಗೆ ಎಣ್ಣೆ ಇದೆ. ಸ್ಟೀಲ್ ತಟ್ಟೆ ಆಗದು, ಗಾಜಿನ ತಟ್ಟೆಯೇ ಬೇಕು. ಎರಡು ಕಡೆ ಪುಸ್ತಕ ಪೇರಿಸಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ತಟ್ಟೆ ಇಟ್ಟು ನೀರು ತುಂಬಬೇಕು. ಕೆಳಗೆ ಗಾಢ ಬಣ್ಣದ ಸೀರೆಯನ್ನೋ ಬಣ್ಣದ ಕಾಗದವನ್ನೋ ಹಾಸಿ, ಅದರ ಮೇಲೆ ಬೆಳಕು ಬಿಡಬೇಕು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಆಮೇಲೆ ಒಂದು ಚಮಚ ಶೇಂಗಾ ಎಣ್ಣೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿಗೆ ಒಗ್ಗದು. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಗುಳ್ಳೆ ಎಂದು ಕರೆದರೂ ಇವು ಗಾಳಿ ತುಂಬಿದ ಗುಳ್ಳೆಗಳಲ್ಲ, ತೇಲುವ ಎಣ್ಣೆಯ ಬಿಲ್ಲೆಗಳು. ಸೋಪು ಒಂದೊಂದರ ಸುತ್ತ ಹೊದಿಕೆಯಾಗಿ, ಬೇಗನೆ ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಕ್ಯಾಮೆರಾ ನೀರಿಗೆ ನೇರ ಮೇಲಿರಬೇಕು, ಓರೆಯಾದರೆ ಒಂದು ಅಂಚು ಮಸಕಾಗುತ್ತದೆ.

ಈ ಬಿಲ್ಲೆಗಳಿಗೆ ಸ್ವಂತ ಬಣ್ಣವಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33, ಅಡುಗೆ ಎಣ್ಣೆಯದು ಸುಮಾರು 1.47. ಹಾಗಾಗಿ ಪ್ರತಿ ಹನಿಯೂ ಒಂದು ಪುಟ್ಟ ಮಸೂರ. ಸೀರೆಯ ಬದಲು ಪತ್ರಿಕೆಯ ದೊಡ್ಡ ಶೀರ್ಷಿಕೆಯನ್ನು ಹಾಸಿ ನೋಡಿದರೆ ಸಣ್ಣ ಹನಿಗಳಲ್ಲಿ ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ.

ಮಳೆಗಾಲದಲ್ಲಿ ಶಿಕಾರಿಪುರದ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದ ಜಾಗದ ಕಾಮನಬಿಲ್ಲು ಮಾತ್ರ ಬೇರೆ ಜಾತಿಯದು. ಅಲ್ಲಿನ ಪದರ ಬೆಳಕಿನ ಅಲೆಯಷ್ಟೇ ತೆಳು. ಪದರದ ಮೇಲ್ಮೈ ಮತ್ತು ತಳದಿಂದ ಮರಳುವ ಅಲೆಗಳು ಕೂಡಿ ಕಳೆದು ಬಣ್ಣ ಹುಟ್ಟುತ್ತದೆ. ಬೆಂಗಳೂರಿನಲ್ಲಿದ್ದಾಗ ಸಿ.ವಿ. ರಾಮನ್ ಅವರು ಮುತ್ತು, ಚಿಪ್ಪು, ಹಕ್ಕಿಗರಿಗಳಲ್ಲಿ ಬೆನ್ನು ಹತ್ತಿದ್ದು ಇದೇ ಬಗೆಯ ಹೊಳಪನ್ನು. ಅದರ ಚಿತ್ರಕ್ಕೆ ತಟ್ಟೆಯೂ ಬೇಡ, ಟಾರ್ಚೂ ಬೇಡ. ಮೋಡದ ಬೆಳಕು ಸಾಕು. ಬಸ್ಸು ಬರುವುದರೊಳಗೆ ತೆಗೆದು ಮುಗಿಸಬೇಕು.